ತಾಳಗುಂದದಿಂದ ಚಂದ್ರಗುತ್ತಿಗೆ: ಮಾತಿನಲ್ಲೇ ಆಡುವ ಆಟ

‘ನೀವು ತಾಳಗುಂದದ ಪ್ರಣವೇಶ್ವರ ಗುಡಿಯ ಎದುರು ನಿಂತಿದ್ದೀರಿ. ಮುಂದೆ ಶಾಸನದ ಕಂಬವಿದೆ. ಏನು ಮಾಡುತ್ತೀರಿ?’

ಪರದೆಯ ಮೇಲೆ ಇಷ್ಟೇ. ಚಿತ್ರವಿಲ್ಲ, ಸದ್ದಿಲ್ಲ. ‘ಕಂಬ ನೋಡು’ ಎಂದು ಟೈಪ್ ಮಾಡಿದರೆ ಕಥೆ ಮುಂದಕ್ಕೆ ಹೋಗುತ್ತದೆ. ಇಂಥದೊಂದು ಟೆಕ್ಸ್ಟ್ ಅಡ್ವೆಂಚರ್ ಆಟವನ್ನು ಶಿಕಾರಿಪುರ, ಸೊರಬದ ಮಕ್ಕಳು ಕನ್ನಡದಲ್ಲಿ ತಾವೇ ಕಟ್ಟಬೇಕೆಂಬುದು ನನ್ನ ಆಸೆ.

ಈ ಬಗೆಯ ಆಟ ಹುಟ್ಟಿದ್ದೂ ಕಾಲಾರೆ ಸುತ್ತಿದ ಜಾಗದಿಂದಲೇ. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಮಾಡಿದ್ದ ಪ್ರೋಗ್ರಾಮರ್ ವಿಲ್ ಕ್ರೌಥರ್, 1970ರ ದಶಕದ ನಡುವಿನಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ಆ ಗುಹೆಯನ್ನೇ ಆಟವಾಗಿಸಿದರು. 1977ರಲ್ಲಿ ಡಾನ್ ವುಡ್ಸ್ ಅದಕ್ಕೆ ಮಾಯಾಲೋಕ ಬೆರೆಸಿದರು. ಮರುವರ್ಷ ಸ್ಕಾಟ್ ಆಡಮ್ಸ್ ‘ಅಡ್ವೆಂಚರ್‌ಲ್ಯಾಂಡ್’ ಬರೆದು, ಟಿಆರ್‌ಎಸ್-80 ಎಂಬ ಮನೆ ಕಂಪ್ಯೂಟರಿನ 16 ಕಿಲೋಬೈಟ್ ಮೆಮೊರಿಯೊಳಗೆ ಕಾಡು, ಡ್ರ್ಯಾಗನ್, ನಿಧಿ ಎಲ್ಲವನ್ನೂ ಹಿಡಿಸಿದರು. 1982ರ ‘ದಿ ಹಾಬಿಟ್’ನಲ್ಲಂತೂ ಪಾತ್ರಗಳು ಆಟಗಾರನಿಗೆ ಕಾಯದೆ ತಮ್ಮ ಪಾಡಿಗೆ ಓಡಾಡುತ್ತಿದ್ದವು.

ನಮ್ಮಲ್ಲಿ ಕಥೆಗೇನು ಬರ? ಕುಬ್ಜ ಕವಿ ರಚಿಸಿದ, 5ನೇ ಶತಮಾನದ ತಾಳಗುಂದ ಶಾಸನವೇ ಒಂದು ಸಾಹಸಗಾಥೆ. ಓದಲೆಂದು ಗುರು ವೀರಶರ್ಮನ ಜತೆ ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಕತ್ತಿ ಹಿಡಿಯುತ್ತಾನೆ, ಶ್ರೀಪರ್ವತದ ಕಾಡು ಸೇರುತ್ತಾನೆ, ಕೊನೆಗೆ ಕದಂಬ ರಾಜ್ಯ ಕಟ್ಟುತ್ತಾನೆ. ಬಳ್ಳಿಗಾವಿಗೆ ಬಂದರೆ 1047ರ ಗಂಡಭೇರುಂಡ ಕಂಬ. ಸೊರಬದ ಕಡೆ ಹೊರಟರೆ ಚಂದ್ರಗುತ್ತಿಯ ಬಂಡೆಗವಿಯಲ್ಲಿ ರೇಣುಕಾಂಬೆ, ಗುಡ್ಡದ ಮೇಲೆ ಕೋಟೆ.

ಆಟದ ಒಳಗಟ್ಟು ಸರಳ: ಕೆಲವು ತಾಣಗಳು, ಅವುಗಳ ನಡುವಿನ ದಿಕ್ಕುಗಳು, ಕೈಗೆತ್ತಿಕೊಳ್ಳುವ ವಸ್ತುಗಳು. ಹಳೆಯ ಇಂಗ್ಲಿಷ್ ಆಟಗಳಿಗೆ ಮೊದಲು ಕ್ರಿಯಾಪದ, ಆಮೇಲೆ ವಸ್ತುವಿನ ಹೆಸರು, ಹೀಗೆ ಎರಡು ಪದ ಸಾಕಿತ್ತು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ದೀಪ ತಗೋ’, ‘ದೀಪ ಎತ್ಕೋ’, ‘ದೀಪವನ್ನು ತೆಗೆದುಕೊ’ ಎಲ್ಲವೂ ಒಂದೇ ಎಂದು ಯಂತ್ರಕ್ಕೆ ಕಲಿಸಬೇಕು. ಅದನ್ನು ಕಲಿಸುವ ಹುಡುಗಿಗೆ ವಿಭಕ್ತಿ ಪ್ರತ್ಯಯ ಪರೀಕ್ಷೆಯ ಪಾಠವಾಗಿ ಉಳಿಯುವುದಿಲ್ಲ, ಕೈಯಲ್ಲಿನ ಸಲಕರಣೆಯಾಗುತ್ತದೆ.

ಇದಕ್ಕೆ ಶಾಲೆಯ ಹಳೇ ಕಂಪ್ಯೂಟರ್ ಸಾಕು. ಆದರೆ ಊರು ಗೊತ್ತಿರಬೇಕು. ಗುಡಿಯ ಬಾಗಿಲು ಯಾವ ದಿಕ್ಕಿಗಿದೆ, ಕೋಟೆಗೆ ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಅಂದಾಜಿನ ಮೇಲೆ ಬರೆಯಲಾಗದು, ಹೋಗಿ ನೋಡಲೇಬೇಕು. ಮೊಬೈಲ್ ಫೋಟೊ ಇಷ್ಟನ್ನು ಕೇಳುವುದಿಲ್ಲ. ಈ ವರ್ಷದ ಶಾಲಾ ಪ್ರವಾಸಗಳಲ್ಲಿ ಒಂದು ಹತ್ತಿರದ ಊರಿಗೇ ಇರಲಿ, ಮಕ್ಕಳ ಕೈಯಲ್ಲಿ ನೋಟುಪುಸ್ತಕ, ದಿಕ್ಸೂಚಿ ಇರಲಿ.