ಹಳೆಯ ಪಿಕಪ್‌ಗೆ ಎಂಥ ಆಯಿಲ್ ಹಾಕಬೇಕು?

ಸುಗ್ಗಿಯ ದಿನಗಳಲ್ಲಿ ಕೋಲಾರದ ಟೊಮೆಟೊ ಮಂಡಿಗೆ ಹೋದರೆ ಪಿಕಪ್‌ಗಳ ಸಾಲೇ ಸಾಲು. ಅವುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಗಾಡಿಗಳಿಗೇನೂ ಕಡಿಮೆಯಿಲ್ಲ. ಸಾಲದ ಕಂತು ತೀರಿದ ಮೇಲೆ ಮಾಲೀಕನ ಕೈಗೆ ನಿಜವಾಗಿ ನಾಲ್ಕು ಕಾಸು ಉಳಿಸಿಕೊಡುವುದು ಇಂಥ ಹಳೆಯ ಗಾಡಿಯೇ. ಅದರ ಇಂಜಿನ್ ಇನ್ನೂ ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಆಯಿಲ್ ಮೇಲೆ ನಿಂತಿದೆ. ಆದರೂ ಅದರ ಆಯ್ಕೆ ಹೆಚ್ಚಿನ ಸಲ ಅಂಗಡಿಯಲ್ಲಿ ಕೇಳಿದ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ: ‘ಇಂಜಿನ್ ಹಳೇದಾಯ್ತಲ್ಲ, ಸ್ವಲ್ಪ ಗಟ್ಟಿ ಆಯಿಲ್ ಹಾಕ್ಸಿ.’

ಈ ಸಲಹೆ ಒಪ್ಪುವ ಮೊದಲು ಡಬ್ಬಿಯ ಮೇಲಿರುವುದನ್ನು ಓದಿಕೊಳ್ಳುವುದು ಒಳ್ಳೆಯದು.

ಡಬ್ಬಿಯ ಮೇಲಿನ ಅಂಕಿಗಳು

ನಮ್ಮಲ್ಲಿನ ಹಳೆಯ ಡೀಸೆಲ್ ಪಿಕಪ್‌ಗಳಿಗೆ ಸಾಮಾನ್ಯವಾಗಿ ಹೇಳುವ ಗ್ರೇಡ್ 15ಡಬ್ಲ್ಯು-40. ಇದರಲ್ಲಿ ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯು ಆಯಿಲ್ ಮಂದವಾಗಿ ಇಂಜಿನ್ ತಿರುಗಲು ಅಡ್ಡಿಯಾಗುತ್ತದೆಯೇ ಎಂದು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಕರ್ನಾಟಕದ ಯಾವ ಊರಿನ ಚಳಿಗಾದರೂ ಅಷ್ಟು ಧಾರಾಳವಾಗಿ ಸಾಕು. ಎರಡನೆಯ ಅಂಕಿ ಕಾದ ಇಂಜಿನ್‌ಗೆ ಸೇರಿದ್ದು. 100 ಡಿಗ್ರಿ ಬಿಸಿಯಲ್ಲಿ 40ರ ಆಯಿಲ್‌ನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್‌ ನಡುವೆ ಇರಬೇಕು. 50ರ ಗ್ರೇಡ್ ಶುರುವಾಗುವುದೇ 16.3ರಿಂದ.

‘ಗಟ್ಟಿ ಆಯಿಲ್’ ಎಂದು ಅಂಗಡಿಯಲ್ಲಿ ಕೊಡುವುದು ಬಹುತೇಕ 20ಡಬ್ಲ್ಯು-50. ಅದನ್ನು ಹಾಕಿದ ಕೂಡಲೇ ಇಂಜಿನ್ ಸದ್ದು ತಗ್ಗಬಹುದು, ಆಯಿಲ್ ಪ್ರೆಷರ್ ಏರಬಹುದು. ಸವೆದ ಬೇರಿಂಗ್ ಅಥವಾ ಪಿಸ್ಟನ್ ರಿಂಗ್ ಮಾತ್ರ ಇದ್ದ ಹಾಗೇ ಇರುತ್ತದೆ. ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಂದ ಆಯಿಲ್ ಆ ಸಂದನ್ನೂ ಟರ್ಬೊವನ್ನೂ ತಲುಪಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ; ಇಂಜಿನ್ ಸವೆತದ ಗಣನೀಯ ಪಾಲು ನಡೆಯುವುದು ಆ ಹೊತ್ತಿನಲ್ಲೇ. ಬೇಸಿಗೆಯಲ್ಲಿ ಲೋಡ್ ಎಳೆಯುವಾಗ ಪ್ರೆಷರ್ ತೀರಾ ಇಳಿಯುತ್ತಿದ್ದು, ಗಾಡಿಯ ಕೈಪಿಡಿಯೂ 50ರ ಗ್ರೇಡ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಹಾಕಿ ಸ್ವಲ್ಪ ಕಾಲ ತಳ್ಳಬಹುದು. ಇಂಜಿನ್ ಕೆಲಸ ಅಷ್ಟರಿಂದ ತಪ್ಪುವುದಿಲ್ಲ.

‘ಸಿ’ ಅಕ್ಷರ ನೋಡಿ

ಗ್ರೇಡ್‌ನಷ್ಟೇ ಮುಖ್ಯವಾದದ್ದು ಡಬ್ಬಿಯ ಮೇಲಿರುವ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ. ‘ಎಸ್’ನಿಂದ ಶುರುವಾಗುವುದು ಪೆಟ್ರೋಲ್ ಇಂಜಿನ್‌ಗೆ, ‘ಸಿ’ಯಿಂದ ಶುರುವಾಗುವುದು ಡೀಸೆಲ್‌ಗೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗೆಡ್ಡೆಗಟ್ಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ‘ಸಿ’ ದರ್ಜೆಯ ಆಯಿಲ್‌ಗೆ ಬೇಕು. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ. ಹೊಸ ದರ್ಜೆಯನ್ನು ಹಳೆಯದರ ಜಾಗಕ್ಕೆ ಹಾಕಬಹುದು; ಸಿಎಚ್-4 ಕೇಳುವ ಗಾಡಿಗೆ ಸಿಐ-4 ಹಾಕಿದರೆ ಲಾಭವೇ. 2020ರ ಏಪ್ರಿಲ್‌ನಿಂದ ದೇಶದ ಬಂಕ್‌ಗಳಲ್ಲಿ ಸಿಗುವುದು ಗಂಧಕ 10 ಪಿಪಿಎಂ ಮೀರದ ಬಿಎಸ್-6 ಡೀಸೆಲ್. ಹಾಗಾಗಿ ಬೂದಿ ಕಡಿಮೆ ಇರುವ ಸಿಕೆ-4 ಹಳೆಯ ಇಂಜಿನ್‌ಗೂ ಹೊಂದುತ್ತದೆ. ಎಫ್‌ಎ-4 ಎಂದು ಬರೆದಿದ್ದರೆ ಮಾತ್ರ ಬಿಟ್ಟುಬಿಡಿ. ಆ ತೆಳು ಆಯಿಲ್ ಇಂಥ ಇಂಜಿನ್‌ಗಳಿಗಾಗಿ ಮಾಡಿದ್ದಲ್ಲ.

ಸಿಂಥೆಟಿಕ್ ಬೇಕೇ?

ಸಿಂಥೆಟಿಕ್ ಹಾಕಿದರೆ ಸೀಲ್ ಹೋಗಿ ಆಯಿಲ್ ಸೋರುತ್ತದೆ ಎಂಬ ಭಯ ಗ್ಯಾರೇಜುಗಳಲ್ಲಿದೆ. ಈಗಿನ ಸಿಂಥೆಟಿಕ್ ಸೀಲ್ ತಿನ್ನುವುದಿಲ್ಲ. ವರ್ಷಗಟ್ಟಲೆ ಕೂತ ಜಿಡ್ಡು ಕರಗಿದಾಗ, ಮೊದಲೇ ಒಣಗಿ ಸೀಳಿದ್ದ ಸೀಲ್ ಬಯಲಾಗುತ್ತದೆ, ಅಷ್ಟೇ. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಲೋಡ್ ಹೊತ್ತು ಓಡಾಡುವ ಟರ್ಬೊ ಗಾಡಿಗೆ ಸೆಮಿ ಸಿಂಥೆಟಿಕ್ ಒಳ್ಳೆಯದು, ಅದು ಹೆಚ್ಚು ಬಿಸಿ ತಾಳುತ್ತದೆ. ಆದರೆ ಆಯಿಲ್ ಕುಡಿಯುವ ಇಂಜಿನ್‌ಗೆ ದುಬಾರಿ ಸಿಂಥೆಟಿಕ್ ಹಾಕಿದರೆ ಹಣ ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯಾಗಿ ಹೋಗುತ್ತದೆ. ಅಂಥ ಗಾಡಿಗೆ ಸರಿಯಾದ ದರ್ಜೆಯ ಮಿನರಲ್ ಆಯಿಲ್ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸುವುದೇ ಲೇಸು.

ಡಿಪ್‌ಸ್ಟಿಕ್ ಹೇಳುವುದೇನು

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಿ ತುಂಬುವುದೂ ತಪ್ಪು. ಬಣ್ಣ ಕಪ್ಪಾಗಿದ್ದರೆ ಗಾಬರಿ ಬೇಡ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಮಸಿ ಹಿಡಿಯುವ ಕೆಲಸವನ್ನು ಅದು ಮಾಡುತ್ತಿದೆ ಎಂದರ್ಥ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ, ಗಾಡಿ ಮುಂದಕ್ಕೆ ಓಡಿಸಬೇಡಿ. ಡೀಸೆಲ್ ವಾಸನೆ ಹೊಡೆದು ಮಟ್ಟ ತಾನಾಗಿ ಏರಿದ್ದರೆ ಇಂಧನ ಒಳಗೆ ಸೋರುತ್ತಿದೆ.

ಹಣ ಹಾಕಬೇಕಾದ ಕಡೆ

ಆಯಿಲ್ ಬದಲಿಸುವಾಗಲೆಲ್ಲ ಫಿಲ್ಟರ್ ಕೂಡ ಹೊಸದಾಗಲಿ. ಕಟ್ಟಿಕೊಂಡ ಫಿಲ್ಟರ್‌ನ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ನೇರ ಬೇರಿಂಗ್‌ಗೆ ಹೋಗುತ್ತದೆ. ಕೈಪಿಡಿಯಲ್ಲಿರುವ ಕಿಲೋಮೀಟರ್ ಲೆಕ್ಕ ಹದವಾದ ಓಡಾಟಕ್ಕೆ ಹೇಳಿದ್ದು. ಜಲ್ಲಿ ಕ್ವಾರಿಯ ದೂಳು, ಹೆಚ್ಚು ಲೋಡ್, ಪೇಟೆಯ ಜಾಮ್‌ನಲ್ಲೇ ದುಡಿಯುವ ಗಾಡಿಗೆ ಮುಂಚೆಯೇ ಬದಲಿಸಬೇಕು. ಲೂಸ್ ಆಯಿಲ್ ಬೇಡ. ಸೀಲ್ ಇರುವ ಡಬ್ಬಿಯನ್ನೇ ಬಿಲ್ ಸಮೇತ ಕೊಳ್ಳಿ. ನಕಲಿ ಆಯಿಲ್ ತುಂಬುವವರ ಕೈಸೇರದಂತೆ ಖಾಲಿ ಡಬ್ಬಿಯನ್ನು ಕತ್ತರಿಸಿ ಹಾಕಿ. ಇಳಿಸಿದ ಹಳೆ ಆಯಿಲನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲುವುದು ಮಣ್ಣಿಗೂ ಬಾವಿಗೂ ಮಾಡುವ ದ್ರೋಹ. ತ್ಯಾಜ್ಯ ನಿರ್ವಹಣೆ ಕುರಿತ ಕೇಂದ್ರದ 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೇ ಕೊಡಿ.

ಗಾಡಿಯಲ್ಲೊಂದು ಪುಸ್ತಕವಿಟ್ಟು ಆಯಿಲ್ ಬದಲಿಸಿದ ಕಿಲೋಮೀಟರ್, ಹಾಕಿದ ಗ್ರೇಡ್, ನಡುವೆ ಟಾಪ್ ಅಪ್ ಮಾಡಿದ ಪ್ರಮಾಣ ಬರೆಯಿರಿ. ಟಾಪ್ ಅಪ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ರಿಂಗ್, ವಾಲ್ವ್ ಸೀಲ್ ತೋರಿಸುವ ಹೊತ್ತು ಬಂದಿದೆ. ಏರದೆ ನಿಂತಿದ್ದರೆ ನಿಮ್ಮ ಆಯ್ಕೆ ಸರಿಯಾಗಿದೆ. ಅದೇ ಗ್ರೇಡ್, ಅದೇ ದರ್ಜೆಯಲ್ಲಿ ಧೈರ್ಯವಾಗಿ ಮುಂದುವರಿಯಿರಿ.