ಮಿಕ್ಕ ಕೈಗಳು ಯಾವ ತಿಂಗಳಲ್ಲಿ?

ದಾವಣಗೆರೆ ಜಿಲ್ಲೆಯಲ್ಲಿ ಎರಡು ದೂರು ಒಟ್ಟೊಟ್ಟಿಗೇ ಓಡಾಡುತ್ತವೆ. ಚನ್ನಗಿರಿಯ ತೋಟದವರನ್ನು ಮಾತಾಡಿಸಿದರೆ "ಆಳೇ ಸಿಗಲ್ಲ ಕಣ್ರೀ, ಸಿಕ್ಕರೂ ಕೇಳಿದಷ್ಟು ಕೊಡಬೇಕು" ಎನ್ನುತ್ತಾರೆ. ಅದೇ ಜಿಲ್ಲೆಯ ಇನ್ನೊಂದು ತುದಿಯ ಜಗಳೂರಿನಲ್ಲಿ "ಕೆಲ್ಸ ಎಲ್ಲೈತ್ರೀ ಇಲ್ಲಿ?" ಎಂದು ಗಂಟುಮೂಟೆ ಕಟ್ಟಿ ಗುಳೆ ಹೊರಟವರು ಸಿಗುತ್ತಾರೆ. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳಿರಬೇಕು ಅನ್ನಿಸುವುದು ಸಹಜ. ಅರ್ಥಶಾಸ್ತ್ರಜ್ಞರಿಗೂ ಹಾಗೇ ಅನ್ನಿಸಿತು. ಯಾರದು ಸುಳ್ಳು ಎಂಬ ತಕರಾರು ಅವರೊಳಗೆ ಹತ್ತಿರ ಹತ್ತಿರ 70 ವರ್ಷ ನಡೆಯಿತು.

ತಕರಾರಿನ ಮೂಲ ಬ್ಯಾಂಕಾಕಿನ ಒಂದು ರಸ್ತೆ. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯ ದ್ವೀಪದಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ ಆಗ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕ, ವಯಸ್ಸು 37. ಅವರ ತಲೆಯಲ್ಲಿ ಎರಡು ಒಗಟು ಬಹಳ ದಿನದಿಂದ ಕೂತಿದ್ದವು. ಉಕ್ಕಿನ ಮುಂದೆ ಕಾಫಿ ಯಾಕೆ ಇಷ್ಟು ಅಗ್ಗ? ಬ್ರಿಟನ್ನಿನಲ್ಲಿ ಕೈಗಾರಿಕಾ ಕ್ರಾಂತಿಯಾದಾಗ ಗಿರಣಿ ಮಾಲೀಕರ ಲಾಭ ಏರುತ್ತಲೇ ಹೋದರೂ ಮೊದಲ 50 ವರ್ಷ ಕೂಲಿ ಯಾಕೆ ಇದ್ದಲ್ಲೇ ಇತ್ತು? 1952ರ ಆಗಸ್ಟ್‌ನಲ್ಲಿ ಒಂದು ದಿನ ರಸ್ತೆಯಲ್ಲಿ ನಡೆದು ಹೋಗುವಾಗ, ಎರಡಕ್ಕೂ ಉತ್ತರ ಒಂದೇ ಎಂದು ಅವರಿಗೆ ಥಟ್ಟನೆ ಹೊಳೆಯಿತು. ದುಡಿಯುವ ಕೈಗಳು ಇಷ್ಟೇ ಎಂದು ಹಿಡಿದುಕೊಂಡೇ ಪುಸ್ತಕಗಳು ಲೆಕ್ಕ ಶುರು ಮಾಡುತ್ತಿದ್ದವು. ಬಡ ದೇಶಗಳ ಮಟ್ಟಿಗೆ ಆ ಊಹೆಯೇ ತಪ್ಪು ಎಂದುಕೊಂಡರೆ ಒಗಟೆರಡೂ ಬಿಚ್ಚಿಕೊಳ್ಳುತ್ತವೆ.

1954ರ ಮೇ ತಿಂಗಳಲ್ಲಿ 'ದಿ ಮ್ಯಾಂಚೆಸ್ಟರ್ ಸ್ಕೂಲ್' ಎಂಬ ಪತ್ರಿಕೆಯಲ್ಲಿ ಈ ಹೊಳಹನ್ನು ವಿವರಿಸಿದ ಅವರ ಲೇಖನ ಬಂತು. ಅದರ ತಿರುಳನ್ನು ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: ಎರಡೆಕರೆ ಹೊಲದಲ್ಲಿ ಐವರು ಅಣ್ಣತಮ್ಮಂದಿರು. ಒಬ್ಬ ಪಟ್ಟಣಕ್ಕೆ ಹೋದರೂ ಉಳಿದ ನಾಲ್ವರು ಅಷ್ಟೇ ಬೆಳೆ ತೆಗೆಯುತ್ತಾರೆ. ಹೋದವನಿಗೆ ಕಾರ್ಖಾನೆ ಭಾರಿ ಸಂಬಳವೇನೂ ಕೊಡಬೇಕಿಲ್ಲ. ಮನೆಯಲ್ಲಿ ಅವನ ಪಾಲಿಗೆ ಬರುತ್ತಿದ್ದುದಕ್ಕಿಂತ ಶೇ 30ರಷ್ಟು ಜಾಸ್ತಿ ಕೊಟ್ಟರೆ ಸಾಕು, ಬರುತ್ತಾನೆ. ಅವನ ಹಿಂದೆ ಇನ್ನೂ ಮೂವರು ಕಾದಿರುವುದರಿಂದ ಕೂಲಿ ಏರುವುದಿಲ್ಲ. ಇಂಥ ದೇಶಗಳೆಂದು ಲೂಯಿಸ್ ಹೆಸರಿಸಿದ್ದರಲ್ಲಿ ಈಜಿಪ್ಟ್ ಮತ್ತು ಜಮೈಕದ ಜೊತೆ ಭಾರತವೂ ಇತ್ತು.

'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿದ್ದ ದಾವಣಗೆರೆಗೆ ಈ ಚಿತ್ರ ಆ ದಿನಗಳಲ್ಲಿ ಚೆನ್ನಾಗಿಯೇ ಹೊಂದುತ್ತಿತ್ತು. ಹತ್ತಿ ಗಿರಣಿಯ ಪಾಳಿ, ಸುತ್ತಲ ಹಳ್ಳಿಗಳಿಂದ ಬಂದ ಕೈಗಳು, ಎಲ್ಲವೂ ಇದ್ದವು. ಆದರೆ ಲೂಯಿಸ್ ಲೆಕ್ಕದಲ್ಲಿ ಹಳ್ಳಿಯ ಮಿಕ್ಕ ಕೈಗಳು ಮುಗಿಯುವವರೆಗೂ ಕಾರ್ಖಾನೆ ಬೆಳೆಯುತ್ತಲೇ ಹೋಗಬೇಕು. ಇಲ್ಲಿ ಗಿರಣಿಗಳೇ ಮೊದಲು ಒಂದೊಂದಾಗಿ ಬಾಗಿಲು ಹಾಕಿದವು.

ಲೂಯಿಸ್‌ಗೆ ಎದುರು ನಿಂತವರು ಷಿಕಾಗೋದ ಥಿಯೊಡೋರ್ ಶುಲ್ಟ್ಜ್. ಅವರು ಹುಡುಕಿಕೊಂಡ ಪರೀಕ್ಷೆ ಕ್ರೂರವಾದದ್ದು, ಆದರೆ ಜಾಣತನದ್ದು. 1918-19ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂದಿತ್ತು. ಬೇಸಾಯದ ಕೈಗಳಲ್ಲಿ ಸುಮಾರು ಶೇ 8 ಹೋದವು ಎಂದು ಶುಲ್ಟ್ಜ್ ಅಂದಾಜು ಮಾಡಿದರು. ಕೈಗಳು ನಿಜಕ್ಕೂ ಮಿಕ್ಕಿದ್ದರೆ ಅಷ್ಟು ಜನ ಹೋದ ಮೇಲೂ ಬಿತ್ತನೆ ಕುಗ್ಗಬಾರದು. ಬ್ರಿಟಿಷ್ ಪ್ರಾಂತ್ಯಗಳ ಅಂಕಿ ತೆಗೆದು ನೋಡಿದರೆ 1919-20ರ ಬಿತ್ತನೆ 1916-17ಕ್ಕಿಂತ ಶೇ 3.8 ಕಡಿಮೆ. 1964ರ ಪುಸ್ತಕದಲ್ಲಿ ಅವರು ಖಡಾಖಂಡಿತವಾಗಿ ಬರೆದರು: ಮಿಕ್ಕ ಕೈ ಎಂಬುದೇ ಇಲ್ಲ.

ಮೂರು ವರ್ಷ ಬಿಟ್ಟು ಅಮರ್ತ್ಯ ಸೇನ್ ಈ ಪರೀಕ್ಷೆಯ ಬುಡವನ್ನೇ ಅಲ್ಲಾಡಿಸಿದರು. ಜ್ವರ ಐವರಲ್ಲಿ ಒಬ್ಬನನ್ನು ಎಣಿಸಿ ಒಯ್ಯಲಿಲ್ಲ. ಒಂದು ಮನೆಯನ್ನು ಪೂರ್ತಿ ಗುಡಿಸಿ ಪಕ್ಕದ ಮನೆಯನ್ನು ಹಾಗೇ ಬಿಟ್ಟಿತು. ಪಕ್ಕದ ಮನೆಯಲ್ಲಿ ಮಿಕ್ಕ ಕೈ ಇದ್ದರೂ ಸತ್ತವರ ಹೊಲಕ್ಕೆ ಅದು ತಾನಾಗಿ ಹೋಗಿ ಬಿತ್ತುವುದಿಲ್ಲ. ಶುಲ್ಟ್ಜ್ ಒಪ್ಪಲಿಲ್ಲ. 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಲೂಯಿಸ್‌ಗೂ ಶುಲ್ಟ್ಜ್‌ಗೂ ಸೇರಿಸಿ! ಬಹುಮಾನ ಸಮಿತಿ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಕೈ ತೊಳೆದುಕೊಂಡಿತು.

ಇಬ್ಬರೂ ನೋಡಿದ್ದು ವರ್ಷದ ಲೆಕ್ಕವನ್ನು. ನಮ್ಮ ತಾಲ್ಲೂಕುಗಳು ಬದುಕುವುದು ತಿಂಗಳ ಲೆಕ್ಕದಲ್ಲಿ. ಚನ್ನಗಿರಿಯ ಕೆಂಪಡಿಕೆಯನ್ನೇ ತೆಗೆದುಕೊಳ್ಳಿ. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಹಸಿಗೊನೆ ಇಳಿಸಲು ಶುರು. ಇಳಿಸಿದ ಕಾಯಿ ಕಾಯುವುದಿಲ್ಲ. ಸುಲಿಯಬೇಕು, ಚೊಗರು ಹಾಕಿ ಬೇಯಿಸಬೇಕು, ಬಿಸಿಲಿಗೆ ಹರವಬೇಕು. ರಾಶಿ ಹಾಗೇ ಬಿದ್ದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ದರ ಹೋಗುತ್ತದೆ. ಅದಕ್ಕೇ ಆ ದಿನಗಳಲ್ಲಿ ಸುಲಿಯುವ ಹೆಂಗಸರಿಗೆ ಎಲ್ಲಿಲ್ಲದ ಕರೆ. ಸುಲಿದಷ್ಟಕ್ಕೆ ಕೂಲಿ, ರಾತ್ರಿ ಲೈಟ್ ಹಾಕಿಕೊಂಡು ಕತ್ತಿಯ ಮುಂದೆ ಕೂತರೂ ಕೆಲಸ ಮುಗಿಯದು. ಆಳಿನ ಉಸಾಬರಿಯೇ ಬೇಡ ಎಂದು ಫಸಲನ್ನು ಮರದಲ್ಲೇ ಖೇಣಿ ಕೊಟ್ಟು ಕೂರುವ ಬೆಳೆಗಾರರೂ ಇದ್ದಾರೆ. ಸುಲಿಯುವ ಯಂತ್ರವೂ ಬಂದಿದೆ.

ಹೊನ್ನಾಳಿಯ ಗದ್ದೆ ಬಯಲಿನಲ್ಲಿ ಕಾಲ ಗೊತ್ತು ಮಾಡುವುದು ನಾಲೆ. ನೀರು ಬಿಟ್ಟರೆಂದರೆ ಅಚ್ಚುಕಟ್ಟಿನ ಎಲ್ಲರಿಗೂ ನಾಟಿ ಒಂದೇ ಸಲ ಆಗಬೇಕು, ಹೆಂಗಸರ ಗುಂಪುಗಳು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತವೆ. ಹಿಂದೆ ಹೊನ್ನಾಳಿಗೇ ಸೇರಿದ್ದ ನ್ಯಾಮತಿ ಈಗ ಬೇರೆ ತಾಲ್ಲೂಕು. ಲಂಬಾಣಿಗರ ಗುರು ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಇಲ್ಲೇ. ಮೆಕ್ಕೆಜೋಳ ಮುರಿದ ಮೇಲೆ ಈ ಕಡೆಯ ತಾಂಡಾಗಳಿಂದ ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಹೊರಡುವುದು ಹಳೆಯ ವಾಡಿಕೆ. ಜಗಳೂರಿನಲ್ಲಿ ಮಳೆ ನಂಬಿದ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಸಂಕ್ರಾಂತಿಯ ಹೊತ್ತಿಗೆ ಹೊಲ ಖಾಲಿ, ಮುಂದಿನ ಮಳೆವರೆಗೆ ಕೈಯೂ ಖಾಲಿ. ಸರಿಯಾಗಿ ಅದೇ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣಾಗಿರುತ್ತದೆ.

ಸರ್ಕಾರಿ ಅಳತೆಗಳಿಗೆ ಈ ತಿಂಗಳುಗಳು ಕಾಣುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀರಾವರಿ, ಬ್ಯಾಂಕು, ಆಸ್ಪತ್ರೆ, ಶಾಲೆ, ಕೈಗಾರಿಕೆಯ ದುಡಿಮೆಗಾರರು ಹೀಗೆ 35 ಸೂಚಕ ಇಟ್ಟುಕೊಂಡು ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ತೂಗಿತು. ಹೊನ್ನಾಳಿ, ಬರದ ಜಗಳೂರು 'ಅತಿ ಹಿಂದುಳಿದ' ಪಟ್ಟಿಗೆ ಹೋದವು. ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ಎಲ್ಲ ಇದ್ದ ಚನ್ನಗಿರಿ ಅದಕ್ಕಿಂತಲೂ ಕೆಳಗಿನ 'ಅತ್ಯಂತ ಹಿಂದುಳಿದ' ಪಟ್ಟಿಗೆ ಬಿತ್ತು. ಓದಿದವರು ಬೆರಗಾದರು. ಸಮಿತಿಯ ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೆ ತೋಟದ ದುಡ್ಡು ಇದ್ದ ಮಾತ್ರಕ್ಕೆ ತಾಲ್ಲೂಕಿನಲ್ಲಿ ವರ್ಷಪೂರ್ತಿ ಉದ್ಯೋಗ ಇರುವುದಿಲ್ಲ ಎಂಬುದನ್ನು ಆ ಅಂಕಿಗಳಿಂದ ನಾವೇ ಊಹಿಸಿಕೊಳ್ಳಬೇಕು.

2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಶುರುವಾಯಿತು. ಕರ್ನಾಟಕದ ಪಾಲಿಗೆ ಐದು: ಬೀದರ್, ಕಲಬುರಗಿ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ. ಎಲ್ಲ ಜಿಲ್ಲೆಗೂ ಒಂದೇ ಸಲ ಬರದೆ ಹಂತ ಹಂತವಾಗಿ ಬಂದದ್ದು ಸಂಶೋಧಕರಿಗೆ ವರವಾಯಿತು. ಕ್ಲೆಮಾಂ ಆಂಬೆರ್ ಮತ್ತು ಜಾನ್ ಪ್ಯಾಪ್ ಯೋಜನೆ ಬೇಗ ಬಂದ ಜಿಲ್ಲೆಗಳನ್ನು ತಡವಾಗಿ ಬಂದವುಗಳ ಪಕ್ಕ ಇಟ್ಟು ನೋಡಿದರು. 2015ರಲ್ಲಿ ಬಂದ ಅವರ ಲೇಖನದ ಪ್ರಕಾರ ಬೇಸಗೆಯ ತಿಂಗಳುಗಳಲ್ಲಿ ಕೂಲಿ ಶೇ 4.7 ಏರಿತ್ತು. ಇದು ಲೂಯಿಸ್‌ಗೆ ಕೊಟ್ಟ ಏಟು. ಕೈಗಳು ಮಿಕ್ಕಿದ್ದರೆ ಕೂಲಿ ಏರಬೇಕೇಕೆ?

ಜ್ವರಕ್ಕಾಗಲಿ ಕಾಯ್ದೆಗಾಗಲಿ ಕಾಯದೆ, ತಾವೇ ಊರಿನಿಂದ ಆಳು ತೆಗೆದು ನೋಡಿದವರು ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ಯೋಗಿತಾ ಶ್ಯಾಮದಾಸಾನಿ. ಒಡಿಶಾದ ಹಳ್ಳಿಗಳಲ್ಲಿ ಕೂಲಿಗೆ ಹೋಗುವವರ ಪೈಕಿ ಶೇ 24 ಜನರಿಗೆ ಊರ ಹೊರಗೆ ಒಂದು ತಿಂಗಳ ಕೆಲಸ ಕೊಟ್ಟರು. ಅಷ್ಟು ಕೈ ಒಮ್ಮೆಲೇ ಖಾಲಿಯಾದಾಗ ಊರಿನಲ್ಲಿ ಏನಾಗುತ್ತದೆ? ಸುಗ್ಗಿಯ ತಿಂಗಳಲ್ಲಿ ಮಾಡಿದಾಗ ಕೂಲಿ ತಕ್ಷಣ ಏರಿತು, ಊರಿನ ಕೆಲಸ ಕುಗ್ಗಿತು. ಅಲ್ಲಿ ಶುಲ್ಟ್ಜ್ ಗೆದ್ದರು. ಕೆಲಸ ಕಡಿಮೆಯಿದ್ದ ತಿಂಗಳಲ್ಲಿ ಮಾಡಿದಾಗ ಕೂಲಿ ಅಲ್ಲಾಡಲಿಲ್ಲ. ಹೋದವರ ಜಾಗಕ್ಕೆ, ಅದುವರೆಗೆ ಕೆಲಸ ಸಿಗದೆ ಕೂತವರು ಬಂದರು. ಕಾಲುಭಾಗಕ್ಕೂ ಹೆಚ್ಚು ಕೈ ನಿಜಕ್ಕೂ ಮಿಕ್ಕಿತ್ತು. ಅಲ್ಲಿ ಲೂಯಿಸ್ ಗೆದ್ದರು. ಲೇಖನ ಅಚ್ಚಾದದ್ದು 2021ರಲ್ಲಿ.

ಹಾಗಾದರೆ ಸುಮ್ಮನೆ ಕೂತವನು ಕಡಿಮೆ ಕೂಲಿಗಾದರೂ ಯಾಕೆ ಹೋಗುವುದಿಲ್ಲ? ಈ ಬಗ್ಗೆ ಒಡಿಶಾದಲ್ಲೇ ಇನ್ನೊಂದು ಪ್ರಯೋಗ ನಡೆಯಿತು. ಗುಟ್ಟಾಗಿ ಕೇಳಿದರೆ ಊರ ಕೂಲಿಗಿಂತ ಕಡಿಮೆಗೂ ಬರುತ್ತೇನೆ ಎಂದವರು, ನಾಲ್ಕು ಜನರ ಮುಂದೆ ಕೇಳಿದಾಗ ಹಿಂದೆ ಸರಿದರು. ಕೂಲಿ ಕೆಡಿಸಿದವನನ್ನು ಊರು ಬಿಡುವುದಿಲ್ಲ ಎಂಬುದು ಜಗಳೂರಿನ ಯಾವ ಅರಳಿಕಟ್ಟೆಯಲ್ಲೂ ಹೊಸ ವಿಷಯವಲ್ಲ. ಆಂಬೆರ್ ಮತ್ತು ಪ್ಯಾಪ್ ಕಂಡ ಏರಿಕೆಗೂ ಇದೇ ಕಾರಣವಿರಬಹುದು ಎಂದು ನನ್ನ ಗುಮಾನಿ. ಒಡಿಶಾದಂತೆ ತಿಂಗಳ ಮಟ್ಟಿಗೆ ಬಂದು ಹೋಗುವ ಕೆಲಸ ಬೇರೆ, ಖಾತ್ರಿ ಕೆಲಸದ ಕೂಲಿ ಇಷ್ಟು ಎಂದು ಸರ್ಕಾರವೇ ವರ್ಷ ವರ್ಷವೂ ಸಾರಿ ಊರಿನ ರೂಢಿಯನ್ನೇ ಏರಿಸುವುದು ಬೇರೆ.

ತೋಟದವರ ದೂರೂ ಗುಳೆ ಹೊರಟವರ ದೂರೂ ಒಟ್ಟಿಗೆ ನಿಜವಾಗಿರುವುದು ಎರಡು ತಾಲ್ಲೂಕಿನ ತಿಂಗಳುಗಳು ಹೊಂದದ್ದರಿಂದ. ಇದು ಹೀಗೇ ಉಳಿಯುವಂತಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ, ಭದ್ರಾ ಮೇಲ್ದಂಡೆಯ ನೀರಿನ ಮಾತೂ ಇದೆ. ನೀರು ಕಂಡಲ್ಲಿ ಅಡಿಕೆ ಸಸಿ ಊರುವುದು ಈ ಜಿಲ್ಲೆಯ ಚಾಳಿ. ಜಗಳೂರಿನಲ್ಲೂ ಗೊನೆ ಇಳಿಯತೊಡಗಿದರೆ ಚನ್ನಗಿರಿಗೂ ಜಗಳೂರಿಗೂ ಆಳು ಬೇಕಾಗುವುದು ಒಂದೇ ತಿಂಗಳಲ್ಲಿ. ಕಾಫಿ ಎಸ್ಟೇಟಿನವರು ಈಗಾಗಲೇ ಅಸ್ಸಾಂ, ಜಾರ್ಖಂಡ್‌ಗಳಿಂದ ಜನ ಕರೆಸಿಕೊಳ್ಳುತ್ತಿದ್ದಾರೆ.