ಅಜ್ಜಿಯ ಕಾಲು ತೊಳೆಯುವ ಪಾಠ

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬೆಳೆದ ಅಜ್ಜ ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿ, ಮಕ್ಕಳೇ. ಮದುವೆಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮೂಲೆ ಹುಡುಕಿ, ಸೀರೆಯ ನೆರಿಗೆಯನ್ನು ಪಾದದವರೆಗೂ ಇಳಿಬಿಟ್ಟು ಕೂರುತ್ತಿದ್ದ ಯಾರಾದರೂ ಅವರ ನೆನಪಿನಲ್ಲಿ ಇದ್ದಾರು. ಆನೆಕಾಲು ರೋಗದವರು. ಕಾಲಿನ ಭಾರಕ್ಕಿಂತ ನೋಡುವವರ ಕಣ್ಣೇ ಅವರಿಗೆ ಹೆಚ್ಚು ಭಾರವಾಗಿತ್ತು.

ಕರ್ನಾಟಕದಲ್ಲಿ ಈ ರೋಗ ನೆಲೆಯೂರಿದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಇದು ಶಾಪವಲ್ಲ, ಮುಟ್ಟಿದರೆ ಅಂಟುವುದಿಲ್ಲ, ಅಜ್ಜಿಯಿಂದ ಮೊಮ್ಮಗಳಿಗೆ ರಕ್ತದಲ್ಲಿ ಹರಿದು ಬರುವುದೂ ಇಲ್ಲ. ಕೊಳಚೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿ, ನೂಲಿನಂಥ ಹುಳುವಿನ ಮರಿಗಳನ್ನು ಒಳಗೆ ಬಿಡುತ್ತದೆ. ಈ ಹುಳುವಿಗೂ ಸೊಳ್ಳೆಗೂ ನಂಟಿದೆ ಎಂಬುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ 1877ರಲ್ಲಿ ಚೀನಾದಲ್ಲಿ ಕಂಡುಹಿಡಿದ. ಮರಿಗಳು ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ರಾತ್ರಿ ಹೊತ್ತು. ಆರೋಗ್ಯ ಇಲಾಖೆಯವರು ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತೆಗೆಯುವುದು ಅದಕ್ಕೇ.

ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಮಳೆಗಾಲದಲ್ಲಿ ಏನಾಗುತ್ತದೆ? ನೀರು ಅಲ್ಲೇ ನಿಲ್ಲುತ್ತದೆ. ನಮ್ಮ ಮೈಯಲ್ಲೂ ದುಗ್ಧರಸ ಎಂಬ ನೀರು ಹರಿಯುವ ಸಣ್ಣ ನಾಳಗಳಿವೆ. ಹುಳುಗಳು ವರ್ಷಗಟ್ಟಲೆ ಅಲ್ಲಿ ಮನೆ ಮಾಡಿ ನಾಳವನ್ನು ಕೆಡಿಸುತ್ತವೆ. ಕಾಲು ಊದುತ್ತದೆ. ಗುಳಿಗೆಯಿಂದ ರಕ್ತದಲ್ಲಿರುವ ಮರಿಗಳು ಸತ್ತು, ರೋಗ ಇನ್ನೊಬ್ಬರಿಗೆ ಹರಡುವುದು ತಪ್ಪುತ್ತದೆ. ಕೆಟ್ಟುಹೋದ ನಾಳ ಮಾತ್ರ ಗುಳಿಗೆಯಿಂದ ಸರಿಯಾಗುವುದಿಲ್ಲ.

ಹಾಗಾದರೆ ಕಾಲು ಊದಿದವರ ಗತಿ?

ಇದೇ ಕರಾವಳಿಯಲ್ಲಿ ತೆಂಕಣಕ್ಕೆ ಹೋದರೆ ಕಾಸರಗೋಡು ಸಿಗುತ್ತದೆ. ಅಲ್ಲಿ ಚರ್ಮರೋಗ ತಜ್ಞ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ, ಲಾಭದ ಆಸೆಯಿಲ್ಲದ ಸಂಸ್ಥೆಯನ್ನು ಕಟ್ಟಿದರು. ಅಲೋಪತಿ ವೈದ್ಯರು, ಆಯುರ್ವೇದ ಪಂಡಿತರು, ಯೋಗ ಕಲಿಸುವವರು ಒಂದೇ ಕಾಲಿನ ಸುತ್ತ ಕೂತು ಮಾತಾಡುವುದು ನಮ್ಮಲ್ಲಿ ಅಪರೂಪ. ಇಲ್ಲಿ ಅದು ನಡೆಯುತ್ತದೆ. ಆಕ್ಸ್‌ಫರ್ಡ್‌ನ ಪ್ರೊಫೆಸರ್ ಟೆರೆನ್ಸ್ ರಯಾನ್ ಕೂಡ ಇವರ ಜತೆ ಕೆಲಸ ಮಾಡಿದವರು.

ಚಿಕಿತ್ಸೆ ಶುರುವಾಗುವುದು ಬಚ್ಚಲಿನಿಂದ. ಕಾಲನ್ನು ಸೋಪು ಹಚ್ಚಿ ಮೆತ್ತಗೆ ತೊಳೆಯಬೇಕು, ಉಜ್ಜಬಾರದು. ಬೆರಳಸಂದಿಯ ನೀರನ್ನು ಒಂದಿಷ್ಟೂ ಉಳಿಯದಂತೆ ಒರೆಸಬೇಕು. ಆಮೇಲೆ ಗಿಡಮೂಲಿಕೆಯ ಕಷಾಯದಲ್ಲಿ ಕಾಲು ನೆನೆಸುವುದು, ಉಸಿರಾಟದೊಂದಿಗೆ ಯೋಗ, ನೀರು ಮೇಲಕ್ಕೆ ಸರಿಯುವ ದಿಕ್ಕಿನಲ್ಲಿ ಎಣ್ಣೆ ತಿಕ್ಕುವುದು, ಕೊನೆಗೆ ಬಿಗಿಯಾಗಿ ಬ್ಯಾಂಡೇಜು. ಕಲಬುರಗಿ ಮತ್ತು ಕೇರಳದ ಆಲಪ್ಪುಳದಲ್ಲಿ ಶಿಬಿರ ಹೂಡಿ ಎರಡು ವಾರ ಇದನ್ನೇ ಕಲಿಸಿ ಮನೆಗೆ ಕಳಿಸಿದರು. 700ಕ್ಕೂ ಹೆಚ್ಚು ಮಂದಿ ಮೂರು ತಿಂಗಳ ಮೇಲೂ ಬಿಡದೆ ಮಾಡಿದರು. ಹಲವರ ಕಾಲು ಸಣ್ಣದಾಯಿತು, ಮತ್ತೆ ಮತ್ತೆ ಬರುತ್ತಿದ್ದ ಚಳಿಜ್ವರವೂ ಕಡಿಮೆಯಾಯಿತು.

ಆ ಚಳಿಜ್ವರವೇ ಇಲ್ಲಿ ದೊಡ್ಡ ಶತ್ರು. ಬೆರಳಸಂದಿಯ ಸಣ್ಣ ಬಿರುಕಿನಿಂದ ಬ್ಯಾಕ್ಟೀರಿಯಾ ನುಗ್ಗಿದರೆ ಕಾಲು ಕೆಂಪಾಗಿ ಸುಡುತ್ತದೆ, ಮೈ ನಡುಗುತ್ತದೆ. ಪ್ರತಿ ಜ್ವರವೂ ಕಾಲನ್ನು ಇನ್ನಷ್ಟು ದಪ್ಪ ಮಾಡಿ ಹೋಗುತ್ತದೆ. ಕೂಲಿಗೆ ಹೋಗುವವರಿಗೆ ಅಷ್ಟು ದಿನದ ಸಂಬಳವೂ ಹೋಯಿತು. ಜ್ವರ ಬಂದಾಗ ತಿಕ್ಕುವುದು, ಕಟ್ಟುವುದು ಬೇಡ; ಡಾಕ್ಟರ ಬಳಿ ಹೋಗಬೇಕು.

ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಿಂದಲೂ ಇಂಥವರಿಗೆ ಟಬ್ಬು, ಮಗ್ಗು, ಸೋಪು, ಟವೆಲು, ಮುಲಾಮು ಇರುವ ಕಿಟ್ ಕೊಡುವುದುಂಟು. ಕಿಟ್ ಅಟ್ಟ ಸೇರಿದರೆ ಪ್ರಯೋಜನವಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೆ ಬಗ್ಗಿ ತನ್ನ ಬೆರಳಸಂದಿಯನ್ನು ತಾನೇ ನೋಡಿಕೊಳ್ಳಲು ಆದೀತೇ? ಕಣ್ಣೂ ಮಂಜು, ಸೊಂಟವೂ ಬಗ್ಗದು. ಶಾಲೆಯಿಂದ ಬಂದ ಮೊಮ್ಮಗ ಟಾರ್ಚ್ ಹಿಡಿದು ಕೆಳಗೆ ಕೂತರೆ ಐದು ನಿಮಿಷದ ಕೆಲಸ. ಬಿಳಿಚಿಕೊಂಡಿದೆಯೇ, ಬಿರಿದಿದೆಯೇ ಎಂದು ಒಂದೊಂದೇ ಸಂದಿ ನೋಡಿ ಹೇಳಬೇಕು. ಹತ್ತಿ ಬಟ್ಟೆಯಿಂದ ಒರೆಸಬೇಕು. ಮಲಗುವಾಗ ಕಾಲಿನಡಿಗೆ ಒಂದು ದಿಂಬು. ಕಚಗುಳಿಯಾಗಿ ಅಜ್ಜಿ ಕಾಲೆಳೆದುಕೊಂಡರೆ ಬಿಡಬೇಡಿ, ಇನ್ನೂ ಕಿರುಬೆರಳು ಬಾಕಿ ಇದೆ.